ಔಷಧಿ ಹಚ್ಚಿದ ಬಲೂನ್, ಹೊಸ ನಾಳ ಬೆಳೆಸುವ ಇಂಜೆಕ್ಷನ್: ಎರಡೂ ಒಂದೇನಾ?

ಕಾಕಾನ ಕಾಲಿನ ರಕ್ತನಾಳ ಕಟ್ಟಿದೆ, ಡಾಕ್ಟರ್ ಔಷಧಿ ಹಚ್ಚಿದ ಬಲೂನ್ ಹಾಕೋಣ ಅಂದರು, ಪಕ್ಕದ ಮನೆಯವರು ಹೊಸ ನಾಳ ಬೆಳೆಸುವ ಇಂಜೆಕ್ಷನ್ ಇದೆ ಅಂದರು, ಎರಡೂ ಒಂದೇನಾ ಅಂತ ಯಾದಗಿರಿಯಿಂದ ಕೇಳಿದ್ದೀರಿ.

ಒಂದೇ ಅಲ್ಲ. ಒಂದಕ್ಕೊಂದು ಉಲ್ಟಾ. ನಾನು ಡಾಕ್ಟರ್ ಅಲ್ಲ, ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟವನು. ಆದರೆ ನಮ್ಮಪ್ಪನಿಗೆ ಇದೇ ಆಗಿತ್ತು. ಸೂಪರ್ ಮಾರ್ಕೆಟ್‌ನಿಂದ ಶರಣಬಸವೇಶ್ವರ ಗುಡಿಗೆ ನಡೆಯುವಾಗ ಮೂರು ಕಡೆ ನಿಲ್ಲುತ್ತಿದ್ದರು. ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ವಯಸ್ಸಾಯ್ತಲ್ವಾ ಅಂತ ನಾವು ಸುಮ್ನೆ ಎಣ್ಣೆ ತಿಕ್ಕಿದೆವು. ಕಡೆಗೆ ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡಿದರು, 0.5 ಬಂತು. 0.9ಕ್ಕಿಂತ ಕಡಿಮೆ ಇದ್ದರೇ ನಾಳ ಕಟ್ಟಿದೆ ಅಂತ ಲೆಕ್ಕ. ಹೈದರಾಬಾದಿನಲ್ಲಿ ತೊಡೆಯ ನಾಳದೊಳಗೆ ಸಾದಾ ಬಲೂನ್ ಉಬ್ಬಿಸಿ ದಾರಿ ಅಗಲ ಮಾಡಿಸಿದೆವು. ವರ್ಷದೊಳಗೆ ಮತ್ತೆ ಕಟ್ಟಿತು.

ಬಲೂನ್ ಉಬ್ಬಿದಾಗ ನಾಳದ ಗೋಡೆಗೆ ಗಾಯವಾಗುತ್ತದೆ. ಗಾಯ ಮಾಯುವಾಗ ಒಳಗಡೆಯೇ ಮಾಂಸ ಬೆಳೆದು ದಾರಿ ಮುಚ್ಚುತ್ತದೆ. ಅದನ್ನು ತಡೆಯಲಿಕ್ಕೆ ಎರಡನೇ ಸಲ ಪ್ಯಾಕ್ಲಿಟ್ಯಾಕ್ಸೆಲ್ ಹಚ್ಚಿದ ಬಲೂನ್ ಹಾಕಿದರು. ಮೂಲತಃ ಕ್ಯಾನ್ಸರ್ ಔಷಧಿ ಅದು, ಜೀವಕೋಶ ಬೆಳೆಯದಂತೆ ಹಿಡಿದಿಡುತ್ತದೆ. ಬಲೂನ್ ಒಳಗಿರುವುದು ಬರೀ ಎರಡು ಮೂರು ನಿಮಿಷ. ಆದರೆ ಔಷಧಿ ಸಣ್ಣ ಹರಳುಗಳಾಗಿ ಗೋಡೆಗೆ ಅಂಟಿಕೊಂಡು, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಕರಗುತ್ತದೆ. ಸಲೈನ್ ಥರ ಕೈಯ ನರಕ್ಕೆ ಕೊಟ್ಟಿದ್ದರೆ ಇಡೀ ಮೈಗೆ ಹಂಚಿಹೋಗುತ್ತಿತ್ತು. ರಕ್ತವೇ ಸರಿಯಾಗಿ ಹೋಗದ ಕಾಲಿಗೆ ಅದರಲ್ಲಿ ಎಷ್ಟು ಮುಟ್ಟೀತು?

ಈ ಔಷಧಿಯಿಂದ ಸಾವು ಜಾಸ್ತಿ ಅನ್ನುವ ಸುದ್ದಿ ನಿಮಗೂ ಸಿಗಬಹುದು. 2018ರ ಕೊನೆಗೆ ಒಂದು ವಿಶ್ಲೇಷಣೆ ಹಾಗೆ ಹೇಳಿತ್ತು. ಆಮೇಲೆ ಹೆಚ್ಚಿನ ಲೆಕ್ಕ ನೋಡಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಂಥ ಅಪಾಯಕ್ಕೆ ಆಧಾರವಿಲ್ಲ ಅಂತ 2023ರಲ್ಲಿ ತಿಳಿಸಿತು.

ಇನ್ನು ಪಕ್ಕದ ಮನೆಯವರ ಇಂಜೆಕ್ಷನ್. ಅದು ಬೆಳೆಸುವ ಕಡೆಯದು. ನಾಳ ಬೆಳೆಸುವ ಪ್ರೋಟೀನುಗಳಿವೆ, ಆದರೆ ಹಾಗೇ ಚುಚ್ಚಿದರೆ ಬೇಗ ಒಡೆದುಹೋಗುತ್ತವೆ. ಡೋಸ್ ಏರಿಸಿದರೆ ಸೋರುವ ಹರಕು ನಾಳ ಬೆಳೆದು ಕಾಲು ಬಾಯುತ್ತದೆ. ಅದಕ್ಕೇ ಜಪಾನಿನಲ್ಲಿ ಜೆಲಾಟಿನ್ ಜೆಲ್‌ನಲ್ಲಿ ಹಿಡಿದಿಟ್ಟು, ಮೀನಖಂಡಕ್ಕೆ ಕೊಟ್ಟು, ನಿಧಾನವಾಗಿ ಬಿಡುವಂತೆ ಮಾಡಿ ನೋಡಿದ್ದಾರೆ. ಅಂಗಡಿಗೆ ಬರುವ ಸರಕಲ್ಲ ಅದು. ನಮ್ಮಲ್ಲಿ ಒಪ್ಪಿಗೆ ಸಿಕ್ಕಿರುವುದು ಬೆಂಗಳೂರಿನ ಸ್ಟೆಂಪ್ಯೂಸೆಲ್‌ಗೆ, 2020ರಲ್ಲಿ. ಅದು ಕಾಂಡಕೋಶದ, ಅಂದರೆ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶದ (ಸ್ಟೆಮ್ ಸೆಲ್) ಇಂಜೆಕ್ಷನ್. ಅದೂ ಕಾಲು ತೀರಾ ಕೆಟ್ಟು, ಹುಣ್ಣು ಅಥವಾ ಮಲಗಿದಾಗಲೂ ನೋವು ಇರುವವರಿಗೆ. ಪಕ್ಕದ ಮನೆಯವರು ಕೇಳಿದ್ದು ಇದರ ಸುದ್ದಿಯೇ ಇರಬೇಕು.

ಡಾಕ್ಟರಿಗೆ ಒಂದು ಕೇಳಿ: ಕಟ್ಟಿರುವುದು ಮೊಣಕಾಲಿನ ಮೇಲೋ ಕೆಳಗೋ? ತೊಡೆಯ ನಾಳದಲ್ಲಿ ಔಷಧಿ ಬಲೂನ್ ಚೆನ್ನಾಗಿ ಕೆಲಸ ಮಾಡಿದೆ, ಕೆಳಗಿನ ಸಣ್ಣ ನಾಳದಲ್ಲಿ ಅಷ್ಟು ಖಾತ್ರಿ ಇಲ್ಲ.

ಕಾಕಾ ಬೀಡಿ ಸೇದುತ್ತಾರಾ, ಸಕ್ಕರೆ ಕಾಯಿಲೆ ಇದೆಯಾ, ಬರೆದಿಲ್ಲ ನೀವು. ಬೀಡಿ ಇದ್ದರೆ ಇವತ್ತೇ ಬಿಡಿಸಿ. ಬೆರಳು ಕಪ್ಪಾಗಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಈಗಲೇ ಹೊರಡಿ.