ಓಪನ್‌ಬಿಎಸ್‌ಡಿ ಪ್ರೋಗ್ರಾಮನ್ನು ಲಿನಕ್ಸ್‌ಗೆ ತರುವಾಗ ಆರ್ಕ್4ರಾಂಡಮ್ ಬದಲು ಏನು ಬಳಸಲಿ?

ನಿಮ್ಮ ಸಿ ಪ್ರೋಗ್ರಾಮ್ ಲಾಗಿನ್ ಟೋಕನ್ (ಲಾಗಿನ್ ಆದವರಿಗೆ ಕೊಡುವ ಗುಟ್ಟಿನ ಗುರುತು) ಮಾಡಲು ಆರ್ಕ್4ರಾಂಡಮ್ ಕರೆಯುತ್ತದೆ. ಊಹಿಸಲಾಗದ ಸಂಖ್ಯೆ ಕೊಡುವ ಫಂಕ್ಷನ್ ಅದು, ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇರುತ್ತದೆ. ಕಾರವಾರದ ನಿಮ್ಮ ಆಫೀಸಿನ ಹಳೆಯ ಲಿನಕ್ಸ್‌ನಲ್ಲಿ ಅದು ಸಿಗುತ್ತಿಲ್ಲ. ಎಸ್‌ರಾಂಡ್‌ಗೆ ಟೈಮನ್ನು ಸೀಡ್ (ಸಂಖ್ಯೆಗಳ ಸಾಲು ಶುರುವಾಗುವ ಮೊದಲ ಬೆಲೆ) ಆಗಿ ಕೊಟ್ಟು ಸಿಯ ಮಾಮೂಲಿ ರಾಂಡ್ ಕರೆದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕಂಪೈಲ್ ಆಗುತ್ತದೆ, ಟೆಸ್ಟ್ ಕೂಡ ಪಾಸಾಗುತ್ತದೆ. ಅದಕ್ಕೇ ನನಗೆ ಅದರ ಭಯ ಜಾಸ್ತಿ.

ಸೀಡ್ ಒಂದೇ ಆದರೆ ರಾಂಡ್ ಕೊಡುವ ಸಂಖ್ಯೆಗಳೂ ಒಂದೇ, ಮತ್ತು ಟೈಮ್ ಸೆಕೆಂಡ್ ಲೆಕ್ಕದಲ್ಲಿ ಬರುತ್ತದೆ. ಒಂದು ದಿನಕ್ಕೆ ಇರುವುದು 86,400 ಸೆಕೆಂಡ್. ಪ್ರೋಗ್ರಾಮ್ ಯಾವ ದಿನ ಶುರುವಾಯಿತು ಅಂತ ಗೊತ್ತಿದ್ದವನು ಅಷ್ಟೂ ಸೀಡ್‌ಗಳನ್ನು ಲ್ಯಾಪ್‌ಟಾಪ್‌ನಲ್ಲೇ ಕೂತು ಹಾಕಿ ನೋಡಬಹುದು.

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಕೆಡುತ್ತದೆ. ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದವರಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇನೆ. ತೂಕದ ಯಂತ್ರದ ಪಕ್ಕ ಒಂದು ಸಣ್ಣ ಲಿನಕ್ಸ್ ಬೋರ್ಡ್ ಇರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದು ನಿಮಗೂ ಗೊತ್ತು. ಲೈನಿನ ಮೇಲೆ ಮರ ಬಿದ್ದರೆ ನೆಟ್ ಕೂಡ ಇಲ್ಲ. ಇಂಥ ಎಷ್ಟೋ ಬೋರ್ಡ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ, ರಾಸ್ಪ್‌ಬೆರಿ ಪೈ 4ರಲ್ಲೂ ಇಲ್ಲ. ನೆಟ್‌ನಿಂದ ಸರಿಯಾದ ಸಮಯ ಸಿಗುವ ತನಕ ಬೋರ್ಡ್ ಯಾವುದೋ ಹಳೆಯ ಸಮಯ ಹಿಡಿದುಕೊಂಡೇ ಏಳುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕರೆಂಟ್ ಹೋದರೆ ಎರಡು ಸಲವೂ ಅದೇ ಸೀಡ್ ಬರಬಹುದು. ಆಗ ಬೆಳಿಗ್ಗೆ ಒಬ್ಬರಿಗೆ ಕೊಟ್ಟ ಟೋಕನ್ ಮಧ್ಯಾಹ್ನ ಇನ್ನೊಬ್ಬರ ಕೈಗೆ ಹೋಗುತ್ತದೆ. ಹಣದ ಲೆಕ್ಕ ಇರುವ ಕಡೆ ಇದನ್ನು ಒಪ್ಪಲಿಕ್ಕೆ ಆಗುವುದಿಲ್ಲ, ಅಲ್ವಾ?

ಆದ್ದರಿಂದ ಕರ್ನಲ್‌ನ್ನೇ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನೇ ಕೇಳಿ. ಲಿನಕ್ಸ್‌ನಲ್ಲಿ ಗೆಟ್‌ರಾಂಡಮ್ ಇದೆ. 2014ರ 3.17 ಕರ್ನಲ್‌ನಿಂದ ಅದು ಸಿಗುತ್ತದೆ. ಜಿಲಿಬ್‌ಸಿಯಲ್ಲಿ (ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿ) ಅದರ ಫಂಕ್ಷನ್ ಬಂದಿದ್ದು 2017ರ 2.25ರಲ್ಲಿ. ಅದಕ್ಕಿಂತ ಹಳೆಯದಾದರೆ ಲೈಬ್ರರಿ ಬಿಟ್ಟು ಕರ್ನಲ್‌ಗೇ ನೇರ ಸಿಸ್ಟಮ್ ಕಾಲ್ ಮಾಡಿ. ಫ್ಲ್ಯಾಗ್ ಸೊನ್ನೆ ಇರಲಿ. ಹಾಗೆ ಕರೆದರೆ ಕರ್ನಲ್ ತನ್ನ ರಾಂಡಮ್ ಸಂಖ್ಯೆಗಳ ಮೂಲ ತಯಾರಾಗುವ ತನಕ ಕಾಯುತ್ತದೆ, ಆಮೇಲಷ್ಟೇ ಕೊಡುತ್ತದೆ.

ಕರ್ನಲ್‌ನ ರಾಂಡಮ್ ಬೈಟ್‌ಗಳನ್ನು ಫೈಲ್‌ನಂತೆ ಓದಲು ಇರುವ /ಡೆವ್/ಯುರಾಂಡಮ್ ಹಾಗೆ ಕಾಯುವ ಭರವಸೆ ಇಲ್ಲ. ಬೂಟ್ ಆದ ಕೂಡಲೇ ಓದಿದರೆ ಹಳೆಯ ಕರ್ನಲ್‌ಗಳು ಸೀಡ್ ಸಿಗುವ ಮೊದಲೇ ಬೈಟ್‌ಗಳನ್ನು ಕೊಟ್ಟುಬಿಡುತ್ತಿದ್ದವು. 2012ರಲ್ಲಿ ಸಂಶೋಧಕರು ಇಡೀ ಇಂಟರ್ನೆಟ್ ಜಾಲಾಡಿದಾಗ ರೌಟರ್, ಫೈರ್‌ವಾಲ್‌ನಂಥ ಸಾಧನಗಳಲ್ಲಿ ಒಡೆಯಬಹುದಾದ ಕೀಗಳು ರಾಶಿ ಸಿಕ್ಕವು. ಬೂಟ್ ಹೊತ್ತಿನ ಈ ಬಡತನ ಅದಕ್ಕೆ ದೊಡ್ಡ ಕಾರಣ. ಅದು ಫೈಲ್ ಆಗಿರುವುದರಿಂದ ಇನ್ನೊಂದು ತೊಂದರೆ: ಸಿಹೆಚ್‌ರೂಟ್ (ಪ್ರೋಗ್ರಾಮಿಗೆ ಒಂದು ಫೋಲ್ಡರ್ ಮಾತ್ರ ಕಾಣುವಂತೆ ಮಾಡುವ ಏರ್ಪಾಡು) ಒಳಗೆ ಅದು ಇಲ್ಲದೇ ಇರಬಹುದು, ತೆರೆದ ಫೈಲ್‌ಗಳ ಮಿತಿ ಮುಗಿದಿದ್ದರೆ ತೆರೆಯುವುದೇ ಇಲ್ಲ.

ಮುಂದೆ ವಿಂಡೋಸ್‌ಗೂ ಒಯ್ಯುವುದಾದರೆ ಅಲ್ಲಿ ಬಿಕ್ರಿಪ್ಟ್‌ಜೆನ್‌ರಾಂಡಮ್ ಕರೆಯಿರಿ, ಸಿಸ್ಟಮ್ ಪ್ರಿಫರ್ಡ್ ಫ್ಲ್ಯಾಗ್ ಕೊಟ್ಟು. ಫ್ರೀಬಿಎಸ್‌ಡಿ, ಮ್ಯಾಕ್‌ಗಳಲ್ಲಿ ಈಗಿನ ಕೋಡ್ ಹಾಗೇ ನಡೆಯುತ್ತದೆ.

ನೆಟ್‌ನಲ್ಲಿ ಸಿಕ್ಕ ಹಳೆಯ ಆರ್ಕ್4ರಾಂಡಮ್ ಫೈಲ್ ತಂದು ಸುಮ್ನೆ ಸೇರಿಸಬೇಡಿ. ಅದರೊಳಗೆ ಆರ್‌ಸಿ4 ಎಂಬ ಹಳೆಯ, ದುರ್ಬಲ ಗೂಢಲಿಪಿ ವಿಧಾನ ಇರುವ ಸಾಧ್ಯತೆ ಹೆಚ್ಚು. ಓಪನ್‌ಬಿಎಸ್‌ಡಿ 2014ರ 5.5ರಲ್ಲೇ ಅದನ್ನು ಬಿಟ್ಟು ಚಾಚಾ20 ಎಂಬ ಹೊಸ ವಿಧಾನಕ್ಕೆ ಹೋಯಿತು. ಫೋರ್ಕ್ ಆದಾಗ, ಅಂದರೆ ಒಂದು ಪ್ರೊಸೆಸ್ ತನ್ನದೇ ನಕಲನ್ನು ಮಗುವಾಗಿ ಹುಟ್ಟಿಸಿದಾಗ, ಒಳಗಿನ ಸ್ಥಿತಿ ಮಗುವಿಗೂ ನಕಲಾಗಿ ತಂದೆ-ಮಗು ಎರಡೂ ಒಂದೇ ಸಂಖ್ಯೆ ಕೊಡುವ ಅಪಾಯವೂ ಅಲ್ಲಿದೆ.

ನಾನು ಒತ್ತಿ ಹೇಳುವುದು ಇದನ್ನು: ಗೆಟ್‌ರಾಂಡಮ್ ಎಷ್ಟು ಬೈಟ್ ಕೊಟ್ಟಿತು ಅಂತ ಪ್ರತಿ ಸಲ ನೋಡಿ. ಸಿಗದಿದ್ದರೆ ಪ್ರೋಗ್ರಾಮ್ ಅಲ್ಲೇ ನಿಲ್ಲಲಿ. "ಇದು ಸಿಗಲಿಲ್ಲ ಅಂದರೆ ಟೈಮ್, ಪಿಐಡಿ (ಪ್ರೊಸೆಸ್ ಐಡಿ, ಅಂದರೆ ನಡೆಯುತ್ತಿರುವ ಪ್ರೋಗ್ರಾಮಿನ ಸಂಖ್ಯೆ) ಸೇರಿಸಿ ಏನೋ ಒಂದು ಮಾಡು" ಅನ್ನುವ ಬದಲಿ ದಾರಿ ಇಡಲೇಬೇಡಿ. ಡೆಬಿಯನ್ ಲಿನಕ್ಸ್‌ನಲ್ಲಿ ಕೀಗಳನ್ನು ಮಾಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2006ರ ಒಂದು ಬದಲಾವಣೆಯಿಂದ ಸೀಡ್‌ಗೆ ಪ್ರೊಸೆಸ್ ಐಡಿ ಬಿಟ್ಟು ಹೆಚ್ಚೇನೂ ಉಳಿಯಲಿಲ್ಲ. ಒಂದು ಬಗೆಯ, ಒಂದು ಅಳತೆಯ ಕೀಗೆ ಸುಮಾರು 32,768 ಸಾಧ್ಯತೆ ಮಾತ್ರ. ಬೆಳಕಿಗೆ ಬಂದಿದ್ದು 2008ರಲ್ಲಿ. ಕೀಗಳು ನೋಡಲು ಚೆನ್ನಾಗೇ ಇದ್ದವು. ಪ್ರೋಗ್ರಾಮ್ ನಿಂತರೆ ಯಾರಾದರೂ ಫೋನ್ ಮಾಡುತ್ತಾರೆ. ದುರ್ಬಲ ಟೋಕನ್ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ.

ಆರಂಕಿ ಒಟಿಪಿ ಬೇಕಾದರೆ ಸಿಕ್ಕ ಸಂಖ್ಯೆಯನ್ನು ಹತ್ತು ಲಕ್ಷದಿಂದ ಭಾಗಿಸಿ ನೇರವಾಗಿ ಶೇಷ ತೆಗೆಯಬೇಡಿ, ಕೆಲವು ಸಂಖ್ಯೆಗಳು ಸ್ವಲ್ಪ ಜಾಸ್ತಿ ಬರುತ್ತವೆ. ಮಿತಿ ಮೀರಿದ ಸಂಖ್ಯೆ ಬಿಟ್ಟು ಮತ್ತೆ ಕೇಳಿ. ಆರ್ಕ್4ರಾಂಡಮ್ ಯೂನಿಫಾರ್ಮ್ ಮಾಡುವುದೂ ಇದನ್ನೇ.

ಆಫೀಸಿನ ಯಂತ್ರವನ್ನು ಹೊಸದು ಮಾಡಲು ಆಗುತ್ತದಾ ಅಂತ ಮೊದಲು ಕೇಳಿ ನೋಡಿ. 2022ರ ಜಿಲಿಬ್‌ಸಿ 2.36ರಿಂದ ಆರ್ಕ್4ರಾಂಡಮ್ ಲಿನಕ್ಸ್‌ನಲ್ಲೇ ಸಿಗುತ್ತದೆ, ಆಗ ನೀವು ಈ ಸಾಲುಗಳನ್ನು ಮುಟ್ಟುವುದೇ ಬೇಡ.