ಡೈನಮೊ ಕೀವ್ ಕಥೆಯನ್ನು ಮಕ್ಕಳಿಗೆ ಹೇಗೆ ಹೇಳುವುದು?

ಮೇಷ್ಟ್ರೇ, ಭಾನುವಾರದ ಅಭ್ಯಾಸ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಕ್ರೇನಿನ ಡೈನಮೊ ಕೀವ್ ಕ್ಲಬ್ಬಿನ ಕಥೆ ಹೇಳಬೇಕೆಂದು ಬರೆದಿದ್ದೀರಿ. ‘ಜರ್ಮನರನ್ನು ಸೋಲಿಸಿದ್ದಕ್ಕೆ ಇಡೀ ತಂಡವನ್ನು ಅದೇ ಸಂಜೆ ಗುಂಡಿಟ್ಟು ಕೊಂದರಂತೆ, ನಿಜವೇ? ಮಕ್ಕಳಿಗೆ ಯಾವ ಪಂದ್ಯ ತೋರಿಸಲಿ?’ ಎಂದು ಕೇಳಿದ್ದೀರಿ. ಎರಡಕ್ಕೂ ವಿವರವಾಗಿಯೇ ಉತ್ತರಿಸುತ್ತೇನೆ.

ದಯವಿಟ್ಟು ಆ ಸಂಜೆಯೇ ಕೊಂದರು ಎಂದು ಹೇಳಬೇಡಿ. ಎಷ್ಟೋ ವರ್ಷಗಳ ಹಿಂದೆ ನಾನೂ ಹುಡುಗರ ಮುಂದೆ ಹಾಗೆಯೇ ಹೇಳಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ, ‘ಹಾಗಾದರೆ ಅವರ ಮುಂದಿನ ಪಂದ್ಯ ಯಾರು ಆಡಿದರು ಸರ್?’ ಎಂದು ಕೇಳಿದ. ಉತ್ತರ ಹುಡುಕಲು ಹೊರಟಾಗ ಗೊತ್ತಾಯಿತು: ಮುಂದಿನ ಪಂದ್ಯವನ್ನೂ ಅದೇ ತಂಡವೇ ಆಡಿತ್ತು, ಒಂದು ವಾರದ ನಂತರ, 8-0 ಅಂತರದಲ್ಲಿ ಗೆದ್ದೂ ಇತ್ತು.

ನಡೆದದ್ದು ಇಷ್ಟು. 1941ರ ಸೆಪ್ಟೆಂಬರ್‌ನಲ್ಲಿ ಕೀವ್ ನಗರ ಜರ್ಮನ್ ಸೇನೆಯ ಕೈವಶವಾಯಿತು. ಸೆರೆಸಿಕ್ಕು ಬಿಡುಗಡೆಯಾದ ಆಟಗಾರರು ಕೆಲಸವಿಲ್ಲದೆ, ಅನ್ನವಿಲ್ಲದೆ ಊರಿನಲ್ಲಿ ಅಲೆಯುತ್ತಿದ್ದರು. ಡೈನಮೊದ ಗೋಲ್‌ಕೀಪರ್ ಮಿಕೋಲ ತ್ರುಸೆವಿಚ್ ಅವರನ್ನು ಒಂದು ಬ್ರೆಡ್ ಕಾರ್ಖಾನೆಯ ಮುಖ್ಯಸ್ಥ ಗುರುತು ಹಿಡಿದ. ಅವನಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಕೆಲಸ ಕೊಟ್ಟು, ಹಳೆಯ ಜೊತೆಗಾರರನ್ನೂ ಹುಡುಕಿಕೊಂಡು ಬರುವಂತೆ ಹೇಳಿದ. ಹೀಗೆ ಹಿಟ್ಟಿನ ಮೂಟೆಗಳ ನಡುವೆ ‘ಸ್ಟಾರ್ಟ್’ ಎಂಬ ತಂಡ ಕೂಡಿತು. ಹೆಚ್ಚಿನವರು ಡೈನಮೊದವರು, ಮೂವರು ಲೊಕೊಮೊಟಿವ್ ಕ್ಲಬ್ಬಿನವರು. 1942ರ ಬೇಸಿಗೆಯಲ್ಲಿ ಎದುರಾದ ತಂಡಗಳನ್ನೆಲ್ಲ ಅವರು ಸೋಲಿಸಿದರು. ಆಗಸ್ಟ್ 6ರಂದು ಜರ್ಮನ್ ವಿಮಾನ ನಿರೋಧಕ ಪಡೆಯ ‘ಫ್ಲಾಕೆಲ್ಫ್’ ತಂಡವನ್ನು 5-1ರಿಂದ ಮಣಿಸಿದರು. ಮೂರೇ ದಿನದಲ್ಲಿ ಮರುಪಂದ್ಯ ಗೊತ್ತಾಯಿತು. ಅದರ ಭಿತ್ತಿಪತ್ರದಲ್ಲಿ ‘ಸೇಡು’ ಎಂಬರ್ಥದ ಪದವಿತ್ತು. ಆಗಸ್ಟ್ 9, ಭಾನುವಾರ. ಸ್ಟಾರ್ಟ್ 5-3ರಿಂದ ಗೆದ್ದಿತು.

ಆಗಸ್ಟ್ 18ರಂದು ಗೆಸ್ಟಾಪೊ, ಅಂದರೆ ನಾಜಿಗಳ ರಹಸ್ಯ ಪೊಲೀಸರು, ಕಾರ್ಖಾನೆಗೆ ಬಂದು ಆಟಗಾರರನ್ನು ಬಂಧಿಸಿದರು. ಡೈನಮೊ ಎನ್ನುವುದು ಮೂಲದಲ್ಲಿ ಸೋವಿಯತ್ ರಹಸ್ಯ ಪೊಲೀಸ್ ಇಲಾಖೆಯ ಕ್ರೀಡಾ ಸಂಘ. ಆ ನಂಟಿನ ಮೇಲಿನ ಅನುಮಾನವೇ ಬಂಧನಕ್ಕೆ ಕಾರಣವೆನ್ನುವ ಇತಿಹಾಸಕಾರರು ಹಲವರಿದ್ದಾರೆ. ಮಿಕೋಲ ಕೊರೊತ್ಕಿಖ್ ವಿಚಾರಣೆಯ ಹಿಂಸೆಯಲ್ಲೇ ಸತ್ತರು. ಉಳಿದವರಲ್ಲಿ ಹಲವರನ್ನು ಕೀವ್‌ನ ಸಿರೆತ್ಸ್ ಎಂಬ ನಾಜಿ ಸೆರೆಶಿಬಿರಕ್ಕೆ ತಳ್ಳಿದರು. 1943ರ ಫೆಬ್ರವರಿ 24ರಂದು, ಅಂದರೆ ಪಂದ್ಯ ಮುಗಿದು ಆರು ತಿಂಗಳು ಕಳೆದ ಮೇಲೆ, ಅಲ್ಲಿ ತ್ರುಸೆವಿಚ್, ಮುಂಪಡೆಯ ಇವಾನ್ ಕುಜ್ಮೆಂಕೊ ಮತ್ತು ರಕ್ಷಣಾ ಆಟಗಾರ ಒಲೆಕ್ಸಿ ಕ್ಲಿಮೆಂಕೊ ಅವರನ್ನು ಗುಂಡಿಟ್ಟು ಕೊಂದರು. ಮಕಾರ್ ಹೊಂಚರೆಂಕೊ ಅವರಂಥ ಹಲವರು ಬದುಕುಳಿದರು. ಯುದ್ಧ ಮುಗಿದ ಮೇಲೆ ಜರ್ಮನರೊಡನೆ ಆಡಿದವರೆಂದು ಇವರನ್ನೇ ಅನುಮಾನದಿಂದ ನೋಡಿದ ಸೋವಿಯತ್ ಸರ್ಕಾರ, 1960ರ ದಶಕದಲ್ಲಿ ಕರೆದು ಪದಕ ಕೊಟ್ಟಿತು. ಬಂದೂಕಿನ ಮುಂದೆ ಪಂದ್ಯ, ಅದೇ ಸಂಜೆ ಹತ್ಯೆ ಎಂಬ ಕಥೆ ಗಟ್ಟಿಯಾದದ್ದು ಆ ಕಾಲದಲ್ಲಿ. ಜರ್ಮನಿಯ ಹ್ಯಾಂಬರ್ಗ್ ನಗರದ ಸರ್ಕಾರಿ ವಕೀಲರು ಈ ಪ್ರಕರಣವನ್ನು ವರ್ಷಗಟ್ಟಲೆ ತನಿಖೆ ಮಾಡಿ, ಪಂದ್ಯಕ್ಕೂ ಈ ಸಾವುಗಳಿಗೂ ನೇರ ಸಂಬಂಧದ ಪುರಾವೆ ಸಿಗದೆ 2005ರಲ್ಲಿ ಕಡತ ಮುಚ್ಚಿದರು.

ಇಷ್ಟನ್ನು ಹೇಳಿದರೆ ಕಥೆ ಸಪ್ಪೆಯಾಗುತ್ತದೆ ಎಂದು ನಿಮಗೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಹಸಿದ ಹೊಟ್ಟೆಯಲ್ಲಿ, ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು ಸಂಜೆ ಮೈದಾನಕ್ಕೆ ಇಳಿದವರು ಅವರು. ಅದಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ. ತೀರಿಕೊಂಡ ನಾಲ್ವರ ಹೆಸರನ್ನು ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿ. ಕೊಂದ ಬಗೆಯ ವಿವರ ಹತ್ತು ವರ್ಷದವರಿಗೆ ಬೇಡ.

ಕ್ಲಬ್ಬಿನ ಹುಟ್ಟಿನ ಬಗ್ಗೆ ಒಂದೆರಡು ಮಾತು ಸಾಕು. ಅದು ನೋಂದಣಿಯಾದದ್ದು 1927ರ ಮೇ 13ರಂದು. ಬಣ್ಣ ಬಿಳಿ ಮತ್ತು ನೀಲಿ. ಲಾಂಛನ ಬಿಡಿಸಲು ಹೇಳುವಾಗ ಒಂದು ಎಚ್ಚರ: ಮಾಸ್ಕೋದ ಡೈನಮೊ ಕ್ಲಬ್ಬಿನ ಲಾಂಛನದಲ್ಲೂ ‘ಡ’ಕಾರದ ಅದೇ ಅಕ್ಷರವಿದೆ, ಬಣ್ಣಗಳೂ ಅವೇ. ಅಂತರ್ಜಾಲದಲ್ಲಿ ಹುಡುಕುವ ಮಕ್ಕಳು ಅದನ್ನೇ ನೋಡಿ ಬರೆದು ತರುತ್ತಾರೆ. ‘ಕೀವ್’ ಎಂದು ಸೇರಿಸಿ ಹುಡುಕಲು ಹೇಳಿ.

1961ರಲ್ಲಿ ಈ ತಂಡ ಸೋವಿಯತ್ ಲೀಗ್ ಗೆದ್ದಾಗ, ಮಾಸ್ಕೋದ ಹೊರಗಿನ ಕ್ಲಬ್ಬೊಂದು ಚಾಂಪಿಯನ್ ಆದದ್ದು ಅದೇ ಮೊದಲು. ಆ ತಂಡದ ಎಡಭಾಗದಲ್ಲಿ ಆಡುತ್ತಿದ್ದ ಉದ್ದ ಕಾಲಿನ ಯುವಕ ವಲೇರಿ ಲೊಬನೊವ್ಸ್ಕಿ. ಅವರು ಕಾರ್ನರ್‌ನಿಂದ ಒದ್ದ ಚೆಂಡು ಗಾಳಿಯಲ್ಲಿ ತಿರುಗಿ, ತರಗೆಲೆ ಉದುರುವಂತೆ ಗೋಲಿನೊಳಕ್ಕೆ ಇಳಿಯುತ್ತಿತ್ತು. ಆ ಹೊಡೆತಕ್ಕೆ ಅಲ್ಲಿನವರು ‘ಒಣ ಎಲೆ’ ಎಂದೇ ಹೆಸರಿಟ್ಟಿದ್ದರು. ಮುಂದೆ ಕೋಚ್ ವಿಕ್ಟರ್ ಮಾಸ್ಲೊವ್ 1966, 67, 68ರಲ್ಲಿ ಸತತ ಮೂರು ಬಾರಿ ಪ್ರಶಸ್ತಿ ತಂದುಕೊಟ್ಟರು. ಎದುರಾಳಿಯ ಕಾಲಿಗೆ ಚೆಂಡು ಸಿಕ್ಕಿದೊಡನೆ ಗುಂಪಾಗಿ ಮೇಲೆ ಬೀಳುವ ಇಂದಿನ ಪದ್ಧತಿಯ ಬೇರುಗಳಲ್ಲಿ ಒಂದು ಅವರ ತಂಡದಲ್ಲಿದೆ.

1973ರ ಕೊನೆಗೆ ಲೊಬನೊವ್ಸ್ಕಿ ಕೋಚ್ ಆಗಿ ಬಂದರು. ಅನಾತೊಲಿ ಜೆಲೆಂತ್ಸೊವ್ ಎಂಬ ವಿಜ್ಞಾನಿಯನ್ನು ಜೊತೆಗಿಟ್ಟುಕೊಂಡು ಪ್ರತಿ ಆಟಗಾರ ಎಷ್ಟು ಪಾಸ್ ಕೊಟ್ಟ, ಎಷ್ಟು ಬಾರಿ ಚೆಂಡು ಕಸಿದ ಎಂದು ಲೆಕ್ಕ ಬರೆಸುತ್ತಿದ್ದರು. 1975ರಲ್ಲಿ ಬಾಸೆಲ್ ನಗರದಲ್ಲಿ ಹಂಗೇರಿಯ ಫೆರೆಂಕ್ವಾರೋಶ್ ತಂಡವನ್ನು 3-0ರಿಂದ ಸೋಲಿಸಿ, ಯುರೋಪಿನ ದೇಶಗಳ ಕಪ್ ವಿಜೇತರ ನಡುವಿನ ಟೂರ್ನಿಯಾದ ಕಪ್ ವಿನ್ನರ್ಸ್ ಕಪ್ ಎತ್ತಿದರು. ಸೋವಿಯತ್ ಕ್ಲಬ್ಬೊಂದಕ್ಕೆ ಅದು ಮೊದಲ ಯುರೋಪಿಯನ್ ಪ್ರಶಸ್ತಿ. ಅದೇ ವರ್ಷ ಸೂಪರ್ ಕಪ್‌ನ ಎರಡು ಪಂದ್ಯಗಳಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಬಂದ ಮೂರೂ ಗೋಲು ಒಲೆಹ್ ಬ್ಲೊಖಿನ್ ಅವರವು. ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ’ಓರ್ ಕೂಡ ಅವರದ್ದೇ ಆಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ನನ್ನನ್ನು ಕೇಳಿದರೆ ಅದೇ ಕಪ್ ವಿನ್ನರ್ಸ್ ಕಪ್‌ನ 1986ರ ಮೇ 2ರ ಫೈನಲ್ ತೋರಿಸಿ. ಜಾಗ ಫ್ರಾನ್ಸಿನ ಲಿಯಾನ್, ಎದುರಾಳಿ ಅಟ್ಲೆಟಿಕೊ ಮ್ಯಾಡ್ರಿಡ್. ಚೆರ್ನೋಬಿಲ್ ಅಣುಸ್ಥಾವರ ಸಿಡಿದು ಆರು ದಿನವಾಗಿತ್ತಷ್ಟೆ, ಕೀವ್‌ನಿಂದ ಅದು ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಮನೆಯವರನ್ನು ಆ ಊರಿನಲ್ಲಿ ಬಿಟ್ಟು ಬಂದವರು ಆಡಿದ ಆಟ ಅದು. ಐದನೇ ನಿಮಿಷದಲ್ಲಿ ಡೈನಮೊದ ಜಾವರೊವ್ ಗೋಲು ಹೊಡೆದರು. ಮಕ್ಕಳಿಗೆ ತೋರಿಸಬೇಕಾದದ್ದು 85ನೇ ನಿಮಿಷದ ಗೋಲು. ರಾತ್ಸ್ ಎಡಗಡೆಯಿಂದ ಚೆಂಡು ತಂದು ರಕ್ಷಕರನ್ನು ತನ್ನತ್ತ ಸೆಳೆದು ಬೆಲಾನೊವ್‌ಗೆ ಕೊಟ್ಟರು. ಬೆಲಾನೊವ್ ನಿಲ್ಲಿಸದೆ ಬಲಕ್ಕೆ ಯೆವ್ತುಶೆಂಕೊಗೆ ದಾಟಿಸಿದರು. ಯೆವ್ತುಶೆಂಕೊ ತಿರುಗಿಯೂ ನೋಡದೆ ಇನ್ನೂ ಬಲಕ್ಕೆ ಸರಿಸಿದರು. ಅಲ್ಲಿ ಓಡಿಬಂದ ಬ್ಲೊಖಿನ್ ಗೋಲ್‌ಕೀಪರ್ ತಲೆಯ ಮೇಲಿಂದ ಎತ್ತಿ ಹಾಕಿದರು. ಬೀಸಣಿಗೆ ಬಿಚ್ಚಿಕೊಂಡಂತೆ ಕಾಣುತ್ತದೆ. ಮೂರು ನಿಮಿಷ ಕಳೆದು ಯೆವ್ತುಶೆಂಕೊ ಅವರೇ ಮೂರನೆಯದನ್ನು ಹೊಡೆದರು.

ಉಳಿದದ್ದನ್ನು ಚುಟುಕಾಗಿ ಮುಗಿಸಿ. 13 ಸೋವಿಯತ್ ಲೀಗ್ ಪ್ರಶಸ್ತಿಗಳು, ಯಾವ ಕ್ಲಬ್ಬಿಗೂ ಅಷ್ಟಿಲ್ಲ. 1995ರಲ್ಲಿ ರೆಫರಿಗೆ ಲಂಚ ಕೊಡಲು ಯತ್ನಿಸಿದ ಆರೋಪದಲ್ಲಿ ಯುರೋಪಿಯನ್ ಟೂರ್ನಿಗಳಿಂದ ನಿಷೇಧ, ಬಳಿಕ ಅದರ ಕಡಿತ. ಇದನ್ನೂ ಹೇಳಿ, ಮುಚ್ಚಿಡಬೇಡಿ. 1997ರ ನವೆಂಬರ್‌ನಲ್ಲಿ ಬಾರ್ಸಿಲೋನಾ ಮೈದಾನದಲ್ಲೇ 4-0 ಗೆಲುವು, ಅದರಲ್ಲಿ ಆಂದ್ರಿ ಶೆವ್ಚೆಂಕೊ ಅವರ ಮೂರು ಗೋಲು. 1999ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಲೊಬನೊವ್ಸ್ಕಿ 2002ರ ಮೇ 13ರಂದು ತೀರಿಕೊಂಡರು. ಅಂದು ಕ್ಲಬ್ಬಿಗೆ ಸರಿಯಾಗಿ 75 ವರ್ಷ. ಈಗ ಮೈದಾನಕ್ಕೆ ಅವರ ಹೆಸರಿದೆ, ಹೊರಗೆ ಅವರು ಬೆಂಚಿನ ಮೇಲೆ ಕುಳಿತ ಪ್ರತಿಮೆಯಿದೆ. 2022ರಲ್ಲಿ ರಷ್ಯಾ ದಾಳಿ ಮಾಡಿದ ಮೇಲೆ ಯುರೋಪಿಯನ್ ಪಂದ್ಯಗಳನ್ನು ತವರಿನಲ್ಲಿ ಆಡಲಾಗದೆ ಪೋಲೆಂಡ್, ಜರ್ಮನಿಯ ಊರುಗಳಿಗೆ ಹೋಗುತ್ತಿದ್ದಾರೆ. ಲೀಗ್ ಪಂದ್ಯಗಳು ಮಾತ್ರ ಉಕ್ರೇನಿನಲ್ಲೇ ನಡೆಯುತ್ತಿವೆ. ಸೈರನ್ ಕೂಗಿದರೆ ಆಟ ನಿಲ್ಲುತ್ತದೆ, ಎಲ್ಲರೂ ಆಶ್ರಯ ತಾಣಕ್ಕೆ ಇಳಿಯುತ್ತಾರೆ, ಮತ್ತೆ ಬಂದು ಆಡುತ್ತಾರೆ. ಹಾಗೆ ಆಡಿಯೇ 2024-25ರ ಲೀಗನ್ನು ಒಂದೂ ಪಂದ್ಯ ಸೋಲದೆ ಗೆದ್ದರು. ಆ ಋತುವಿನಲ್ಲಿ ಅವರ ಯುರೋಪಾ ಲೀಗ್ ‘ತವರು’ ಮೈದಾನ ಹ್ಯಾಂಬರ್ಗ್.

ಆಮೇಲೆ ಮಕ್ಕಳನ್ನು ಎಬ್ಬಿಸಿ ಆ ಬೀಸಣಿಗೆ ಗೋಲನ್ನೇ ಆಡಿಸಿ. ನಾಲ್ವರು ಓಡುವವರು, ಇಬ್ಬರು ರಕ್ಷಕರು, ಒಬ್ಬ ಕೀಪರ್. ಮೊದಲು ರಕ್ಷಕರು ನಡೆಯಲಿ, ಹತ್ತು ಬಾರಿ ಸರಿಬಂದ ಮೇಲೆ ಓಡಲಿ. ರಕ್ಷಕ ಹತ್ತಿರ ಬರುವವರೆಗೆ ಚೆಂಡು ಬಿಡಬಾರದು, ಬಂದ ಕೂಡಲೇ ಒಂದೇ ಸ್ಪರ್ಶದಲ್ಲಿ ದಾಟಿಸಬೇಕು, ನಿಯಮ ಇಷ್ಟೇ. ಬಲತುದಿಯ ಹುಡುಗ ಬಾಯಿ ತೆರೆಯದೆ ಓಡಿಬರಲಿ, ಪಾಸ್ ಕೊಡುವವನು ನೋಡದೆ ಕೊಡುವುದನ್ನು ಆಗಲೇ ಕಲಿಯುವುದು. ಗುರುತಿಗೆ ಶಂಕುಗಳಿಲ್ಲದಿದ್ದರೆ ಚಪ್ಪಲಿಗಳನ್ನು ಸಾಲಾಗಿ ಇಡಿ, ನಾನು ಮಾಡುವುದೂ ಹಾಗೆಯೇ.