ಪುಣೆ ಬಿಸಿಲಿಗೆ ನೇರಳೆ ಡೇ ಲಿಲಿ

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ನಮ್ಮದು ನೆಲಮಹಡಿಯ ಮನೆ. ಗೇಟಿನ ಪಕ್ಕದ ಪಾತಿಗೆ ನೇರಳೆ ಡೇ ಲಿಲಿ ಹಾಕಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ನೋಡಿದರೆ ಒಂದಕ್ಕಿಂತ ಒಂದು ಚೆಂದ. ಯಾವುದನ್ನು ಆರಿಸಲಿ?

ಉತ್ತರ: ಮೊದಲು ಆ ಫೋಟೊಗಳನ್ನು ನಂಬುವುದು ಬಿಡಿ. ಡೇ ಲಿಲಿಯಲ್ಲಿ ಅಪ್ಪಟ ನೀಲಿ ಬಣ್ಣವೇ ಇಲ್ಲ, ನೀಲಿ ಕಂಡರೆ ಅದು ಕಂಪ್ಯೂಟರ್ ಕೈಚಳಕ. ನಿಜವಾದ ಹೂವು ಕೆಂಪು ಬೆರೆತ ನೇರಳೆ, ಹೂವಿನ ಗಂಟಲಲ್ಲಿ, ಅಂದರೆ ನಡುವಿನ ಒಳಭಾಗದಲ್ಲಿ, ಹಳದಿ ಅಥವಾ ಹಸಿರು.

ಪುಣೆಯಲ್ಲಿ ತೊಂದರೆ ಇರುವುದು ಬಿಸಿಲಿನದು. ಕಡು ಬಣ್ಣ ಶಾಖವನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ಬೆಳಿಗ್ಗೆ ಮಖಮಲ್ಲಿನಂತಿದ್ದ ಎಸಳು ಏಪ್ರಿಲ್ ಮಧ್ಯಾಹ್ನದ ಹೊತ್ತಿಗೆ ಬಿಳಚಿಕೊಂಡು, ಅಂಚು ಮುದುಡಿ, ಅಲ್ಲಲ್ಲಿ ಮಚ್ಚೆ ಬಿದ್ದು ನೋಡಲಾಗದಂತಾಗುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಕೊಡಿ. ಹೂವಿನ ಆಯುಸ್ಸು ಹೇಗೂ ಒಂದೇ ದಿನ, ಅದಾದರೂ ಚೆನ್ನಾಗಿರಲಿ ಅಲ್ವಾ? ಒಂದು ದಂಟಿನಲ್ಲಿ ಹಲವು ಮೊಗ್ಗು ಇರುವುದರಿಂದ ಪಾತಿ ಬರಿದಾಗುವುದಿಲ್ಲ.

ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗುವ ಜಾತಿ ಬೇಡ, ಅವಕ್ಕೆ ಗಟ್ಟಿ ಚಳಿ ಬೇಕು. ಎಲೆ ಉಳಿಸಿಕೊಳ್ಳುವ ಜಾತಿ ಕೇಳಿ. 'ಬೆಲಾ ಲುಗೋಸಿ' ಎತ್ತರದ್ದು, ಹೂವೂ ದೊಡ್ಡದು. ಬಿಸಿಲಿಗೆ ಬಣ್ಣ ಬಿಡುವುದು ಕಡಿಮೆ. ಪಾತಿ ಚಿಕ್ಕದಿದ್ದರೆ 'ಲಿಟಲ್ ಗ್ರೇಪೆಟ್' ಸಾಕು, ಸುಮಾರು 1 ಅಡಿ ಎತ್ತರ. ನನ್ನ ಓಟು ಇದಕ್ಕೇ.

ನಿಮ್ಮದು ಕಪ್ಪು ಮಣ್ಣಾದರೆ ಮಳೆಗಾಲದಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಪಾತಿ ಎತ್ತರಿಸಿ, ಮರಳು, ಗೊಬ್ಬರ ಬೆರೆಸಿ, ಒಂದೂವರೆ ಅಡಿ ಅಂತರ ಬಿಡಿ.

ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಈ ಗಿಡವೇ ಬೇಡ. ಎಲೆ ಕಚ್ಚಿದರೂ ಅದರ ಕಿಡ್ನಿ ಕೆಡುತ್ತದೆ.